ನಡಾವಳಿಯಲ್ಲಿ ಇಲ್ಲದ್ದು

ಐದು ಊರು, ಒಂದು ರಸ್ತೆ.
ಎಡಕ್ಕೆ ಮೆಕ್ಕೆಜೋಳ, ಬಲಕ್ಕೆ ಮೆಕ್ಕೆಜೋಳ,
ನಡುವೆ ದನದ ಲಾರಿಯ ಬಾಲ ಹಿಡಿದು
ನಲವತ್ತು ಮೈಲಿ ತೆವಳುವ ನಾವು.
ನೆಬ್ರಾಸ್ಕದಲ್ಲಿ ಆಕಾಶಕ್ಕೆ ಬರವಿಲ್ಲ;
ಓವರ್‌ಟೇಕ್ ಮಾಡಲು ಮಾತ್ರ ಜಾಗವಿಲ್ಲ.

ನಾನು ಹೆದ್ದಾರಿ ಸಮಿತಿಯ ಗುಮಾಸ್ತೆ.
ಯಾರು ಏನೆಂದರು, ಬರೆದುಕೊಳ್ಳುವುದು ಕೆಲಸ.
ಹೇಗೆಂದರು ಎಂಬುದಕ್ಕೆ
ಹಾಳೆಯಲ್ಲಿ ಅಂಕಣವಿಲ್ಲ.

ಮೊದಲ ಸಭೆ ಇಂಗಾ ಊರಿನ ಫೈರ್ ಎಂಜಿನ್ ಶೆಡ್ಡಿನಲ್ಲಿ.
ಎತ್ತು ಏರಿಗೆ, ಕೋಣ ನೀರಿಗೆ.
ಕೆಸ್ಲರಿನವರಿಗೆ ಸೇತುವೆ ಬೇಕು,
ಮಾರ್ಲೋದವರಿಗೆ ಕಾಳಿನ ಗೋಪುರದ ಮುಂದೆ ತಿರುವು ಬೇಕು,
ವೆಸ್ಟರ್ ಲೇಕಿನವರಿಗೆ ಕೆಸ್ಲರಿಗೆ ಸಿಕ್ಕಿದ್ದು ಬೇಕು.
ಎಪ್ಪತ್ತೊಂದರಲ್ಲಿ ಕೆಸ್ಲರಿನ ಹುಡುಗರು
ಇಂಗಾದ ನೀರಿನ ಟ್ಯಾಂಕಿಗೆ ಗುಲಾಬಿ ಬಣ್ಣ ಬಳಿದದ್ದು
ಯಾರೂ ಸೇರಿಸದೆಯೇ ಕಾರ್ಯಸೂಚಿಯಲ್ಲಿತ್ತು.

ಆಗ ಎದ್ದವಳು ವರ್ನಾ ಕೊವಾರಿಕ್,
ಐದೂರಿಗೂ ಇರುವ ಒಂದೇ ಆಂಬುಲೆನ್ಸಿನ ಡ್ರೈವರು.
ಸಕ್ಕರೆ ಡಬ್ಬಿಯ ಪಕ್ಕ ಸ್ಟಾಪ್‌ವಾಚ್ ಇಟ್ಟಳು.
“ಕೆಸ್ಲರಿನಿಂದ ಆಸ್ಪತ್ರೆಗೆ ಐವತ್ತೊಂದು ನಿಮಿಷ.
ಸುಗ್ಗಿಯಲ್ಲಿ ಎಪ್ಪತ್ತು.”
ಎಪ್ಪತ್ತರ ದಿನ ಹಿಂದೆ ಮಲಗಿದ್ದವರು ಯಾರೆಂದು ಹೇಳಲಿಲ್ಲ.
ಮೂರನೇ ಸಾಲಿನಲ್ಲಿ ಡೇಲ್ ಹಾಲ್ವರ್ಸನ್
ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.
ನೀರಿನ ಟ್ಯಾಂಕಿನ ಮಾತು ಆಮೇಲೆ ಬರಲಿಲ್ಲ.

ರಾಜಧಾನಿಯ ಎಂಜಿನಿಯರು ಬರೆದ:
ನಿಮ್ಮ ರಸ್ತೆಗೆ ಗಾಡಿ ಸಾಲದು.
ಸರಿ, ಎಣಿಸೋಣ ಎಂದೆವು.
ಹದಿನಾಲ್ಕು ದಿನ, ಐದು ಮೂಲೆ, ಮಡಚುವ ಕುರ್ಚಿ,
ಪಾಳಿಯ ಮೇಲೆ ಪಾಳಿ.
ಇಂಗಾದ ಮುದುಕಿಯರ ಜೊತೆ ಕೆಸ್ಲರಿನ ಹೈಸ್ಕೂಲು ಹುಡುಗರು,
ನಡುವೆ ಒಂದೇ ಕಂಬಳಿ, ಒಂದೇ ಫ್ಲಾಸ್ಕು.
ಬೀಟ್ ಗೆಡ್ಡೆಯ ಲಾರಿಗೆ ಒಂದು ಗೆರೆ, ದನದ ಲಾರಿಗೆ ಒಂದು;
ನಿಂತ ನಾಲ್ಕರ ಮೇಲೆ ಐದನೆಯದು
ಅಡ್ಡ ಮಲಗಿದರೇ ಒಂದು ಕಟ್ಟು.
ಸತ್ತ ರಕೂನನ್ನೂ ಯಾರೋ ಎಣಿಸಿದ್ದರು;
ನಾನು ಹೊಡೆದುಹಾಕಿದೆ.

ನಕ್ಷೆ ಬಂತು, ಮೂರು ವರ್ಷಕ್ಕೆ.
ಡ್ರೈ ಫೋರ್ಕಿನಲ್ಲಿ ಹರಡಿದೆವು, ಹುಲ್ಡಾ ಪ್ರೂಟಳ ಕೆಫೆಯಲ್ಲಿ,
ನಾಲ್ಕು ಮೂಲೆಗೆ ನಾಲ್ಕು ಕಾಫಿ ಕಪ್ಪಿಟ್ಟು.
ಕೆಂಪು ಗೆರೆ ನಾಲ್ಕೂರ ಮೈಸವರಿ ಬಂದು
ಡ್ರೈ ಫೋರ್ಕ್ ಹತ್ತಿರವಾಗುತ್ತಲೇ ಮುಖ ತಿರುಗಿಸಿ
ಅರ್ಧ ಮೈಲಿ ಆಚೆಯಿಂದ ಹಾದುಹೋಗಿತ್ತು.
ಹಾದಿಹೋಕರಿಲ್ಲದ ಮೇಲೆ
ಕೆಫೆ ಎಂದರೆ ಬರೀ ಅಡುಗೆಮನೆ.
ಅದು ಎಲ್ಲರಿಗೂ ಗೊತ್ತಿತ್ತು.
ಕಾಫಿಯನ್ನು ಎಲ್ಲರೂ ಬಹಳ ಹೊತ್ತು ಕದಡಿದರು.

ಹುಲ್ಡಾ ಜಗ್ಗು ಹಿಡಿದೇ ಕೇಳಿದಳು:
“ವರ್ನಾ, ಇದರಲ್ಲಿ ಎಷ್ಟು ನಿಮಿಷ?”
“ಮೂವತ್ತೆಂಟು.”
“ಸುಗ್ಗಿಯಲ್ಲಿ?”
“ಆಗಲೂ ಮೂವತ್ತೆಂಟು.”
ಡೇಲ್ ಅವಳತ್ತ ನೋಡಲಿಲ್ಲ. ಅವಳೂ ಅವನತ್ತ ನೋಡಲಿಲ್ಲ.
ಜಗ್ಗನ್ನು ಎಡಗೈಗೆ ಬದಲಿಸಿ
ಬಲಗೈ ಎತ್ತಿದಳು,
ಮೊಣಕೈವರೆಗೂ ಹಿಟ್ಟು ಮೆತ್ತಿದ ಕೈ.

ನಾನು ಬರೆದೆ: ಸರ್ವಾನುಮತ.

ಇದು ಏಳನೇ ವರ್ಷ. ರಸ್ತೆ ಇನ್ನೂ ಗೂಟದಲ್ಲೇ ಇದೆ.
ಹಣ ಕೇಳಲು ಐದೂರಿನವರೂ ಒಂದೇ ವ್ಯಾನಿನಲ್ಲಿ ಹೋಗುತ್ತೇವೆ,
ಅದೇ ದನದ ಲಾರಿಯ ಹಿಂದೆ,
ಯಾವ ರೇಡಿಯೋ ಹಾಕಬೇಕೆಂದು ಜಗಳಾಡುತ್ತ.
ಸಭೆಗಳೆಲ್ಲ ಈಗ ಡ್ರೈ ಫೋರ್ಕಿನಲ್ಲೇ.
ಹಾಗೆಂದು ಯಾರೂ ಠರಾವು ಮಾಡಿಲ್ಲ.

ಕಳೆದ ವಾರ ಬೇಗ ಹೋಗಿದ್ದೆ.
ಕೆಫೆಯಲ್ಲಿ ಯಾರೂ ಇಲ್ಲ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.
ಹಿತ್ತಿಲ ಬಾಗಿಲಿಂದ ಕಂಡೆ:
ಕೂಳೆ ಹೊಲದಾಚೆ, ಕಿತ್ತಳೆ ರಿಬ್ಬನ್ನಿನ ಗೂಟಗಳ ಸಾಲಿನಲ್ಲಿ
ರಾತ್ರಿಯ ಗಾಳಿಗೆ ಬಿದ್ದಿದ್ದ ಒಂದನ್ನು
ಏಪ್ರನ್ನಿನಲ್ಲೇ ಹೋಗಿದ್ದ ಹುಲ್ಡಾ
ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ
ಅಕ್ಕಪಕ್ಕದವುಗಳಿಗೆ ನೇರ ನೋಡಿ,
ಬೂಟಿನ ಹಿಮ್ಮಡಿಯಿಂದ ಮಣ್ಣು ತುಳಿಯುತ್ತಿದ್ದಳು.