ಮಲಗಿ ನೋಡಿ

ಬಿ.ಎಂ. ರಸ್ತೆಯ ಹಾಸಿಗೆ ಅಂಗಡಿಯಲ್ಲಿ
ದಿನಕ್ಕೆ ನಲವತ್ತು ಸಲ ನಾನು ಹೇಳುವ ಮಾತು:
‘ಮಲಗಿ ನೋಡಿ ಸಾರ್, ಮಲಗಿ ನೋಡಿ ಮೇಡಂ.’
ರಾತ್ರಿ ನಾನು ಮಾಡುವುದೂ ಅದನ್ನೇ.
ಮಲಗುತ್ತೇನೆ. ನೋಡುತ್ತೇನೆ.

ತಣ್ಣೀರುಹಳ್ಳದ ಬಾಡಿಗೆ ರೂಮು,
ಹೊದಿಕೆಯೊಳಗೆ ಅಂಗೈಯಗಲ ಬೆಳಕು,
ಒಂದು ಕಿವಿಗೆ ಮಾತ್ರ ಇಯರ್‌ಫೋನು,
ಇನ್ನೊಂದು ಕಿವಿ
ಪಕ್ಕದ ಚಾಪೆಯ ಕಾಂತರಾಜನ ಗೊರಕೆಗೆ ಕಾವಲು.
ಹನ್ನೆರಡಕ್ಕೆ ಇದೊಂದೇ ಅಂದುಕೊಂಡದ್ದು.
ಎರಡೂವರೆಗೆ, ಹೆಸರೂ ಇಲ್ಲದ ಮುಖಗಳ ಮೇಲೆ
ಹೆಬ್ಬೆರಳು ಸುಮ್ಮನೆ ಜಾರುತ್ತಿರುತ್ತದೆ.
ಆಸೆ ಎಂದೋ ಎದ್ದು ಹೋಗಿರುತ್ತದೆ,
ಬೆರಳಿಗೆ ಯಾರೂ ತಿಳಿಸಿರುವುದಿಲ್ಲ.

ನಿದ್ದೆ ಬರದ್ದಕ್ಕೆ ನೋಡುತ್ತೇನೋ
ನೋಡುವುದಕ್ಕೇ ನಿದ್ದೆ ಬಾರದೋ,
ಈ ಗಂಟಿನ ತುದಿ ಹುಡುಕುತ್ತ ನಾಲ್ಕೂವರೆ.
ಹಾಲಿನ ಗಾಡಿಯಿಂದ ಕ್ರೇಟು ಇಳಿಸುವ ಸದ್ದು.
ಹೊಟ್ಟೆಯಲ್ಲಿ ಹಳಸಿದ್ದೇನನ್ನೋ ತಿಂದ ಹಾಗೆ.
ಹತ್ತಕ್ಕೆ ಇಪ್ಪತ್ಮೂರರ ಮುಖ ತೊಳೆದು ಷಟರ್ ಎತ್ತಿ
ಬೆನ್ನುಮೂಳೆಗೆ ಯಾವ ಹಾಸಿಗೆ ಹಿತವೆಂದು
ಊರಿಗೆಲ್ಲ ಬುದ್ಧಿ ಹೇಳಬೇಕು.

ನಿನ್ನೆ ಮಧ್ಯಾಹ್ನ ಸಾಲಗಾಮೆಯ ಜವರಮ್ಮ ಬಂದರು.
ದೊಡ್ಡಾಸ್ಪತ್ರೆಯಲ್ಲಿ ಗಂಡ, ಬೆನ್ನೆಲ್ಲ ಹುಣ್ಣು,
ಮನೆಗೊಯ್ಯುವ ಮುಂಚೆ ಮೆತ್ತನೆಯದೊಂದು ಬೇಕು,
ಸೆರಗಿನ ಗಂಟಿನಲ್ಲಿ ಇರುವುದು ಇಷ್ಟೇ.
ಎಂದಿನಂತೆ ಅಂದೆ, ಮಲಗಿ ನೋಡಿ.
ಚಪ್ಪಲಿ ಬಿಟ್ಟು, ಪಾದ ಒರೆಸಿಕೊಂಡು,
ಅಂಚಿನಲ್ಲಿ ಹೆದರಿ ಹೆದರಿ ಒರಗಿದವರು
ನಾನು ದರ ಹೇಳಿ ಮುಗಿಸುವಷ್ಟರಲ್ಲಿ ಇಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ.
ಈಕೆಗೆ ಚಿಂತೆಯೇನು ಕಮ್ಮಿಯಿತ್ತೆ?

ಬಾಯಿ ತುಸು ತೆರೆದು, ಒಂದು ಕೈ ಗಂಟಿನ ಮೇಲೆ.
ಫ್ಯಾನು ಆ ಕಡೆ ತಿರುಗಿಸಿದೆ. ಹಾಡು ನಿಲ್ಲಿಸಿದೆ.
‘ಎಬ್ಬಿಸೋ’ ಎಂದು ಗಲ್ಲಾದಿಂದ ಕಣ್ಣಲ್ಲೇ ಗದರಿದ ಧಣಿಗೆ
‘ಅಳತೆ ನೋಡ್ತಾವ್ರೆ ಸಾರ್’ ಅಂದೆ.
ಜೇಬಿನಲ್ಲಿ ಫೋನು ಎರಡು ಸಲ ನಡುಗಿತು.
ಎಷ್ಟು ಕಾಲವಾಗಿತ್ತೋ
ಒಂದು ಮೈಯನ್ನು ಏನೂ ಬೇಡದೆ ನೋಡಿ.

ಎದ್ದವರು ನಾಚಿ, ಅಡ್ವಾನ್ಸು ಇಟ್ಟು, ಓಡಿದರು.
ಫೋಮಿನ ಮೇಲೆ ಅವರು ಬಿಟ್ಟ ತಗ್ಗು
ಆತುರವಿಲ್ಲದೆ ಮೇಲೇಳುತ್ತಿತ್ತು.
ಅಂಗೈ ಇಟ್ಟೆ. ಇನ್ನೂ ಬಿಸಿ.

ರಾತ್ರಿಯೂ ನೋಡಿದೆ, ಸುಳ್ಳೇಕೆ.
ಆದರೆ ಒಂದೂಕಾಲಿಗೆ ಕಾಂತರಾಜನನ್ನು ಅಲುಗಿಸಿ
ಅವನ ದಿಂಬಿನಡಿಗೆ ಫೋನು ತುರುಕಿ
‘ಬೆಳಿಗ್ಗೆ ತನಕ ಕೇಳಿದ್ರೂ ಕೊಡಬೇಡ ಕಣೋ’ ಅಂದೆ.
ಯಾಕೆ ಅನ್ನಲಿಲ್ಲ ಅವನು. ಮಗ್ಗುಲಾದ.
ಕತ್ತಲಲ್ಲಿ ನನ್ನ ಹೆಬ್ಬೆರಳು
ಹೊದಿಕೆಯ ಅಂಚಿನ ಮೇಲೆ
ಇನ್ನೂ ಜಾರುತ್ತಿತ್ತು.