ಬಾಗಿಲ ಬಳಿಯ ಮೊಳೆಗಳು

ನ್ಯಾಹುರುರು ಕೋರ್ಟಿನ ಎರಡನೇ ಹಾಲಿಗೆ
ಹತ್ತೊಂಬತ್ತು ವರ್ಷದಿಂದ ನಾನೇ ದಫೇದಾರ.
ಬಾಗಿಲ ಎಡಕ್ಕೆ ಎಂಟು ಮೊಳೆ, ನಾನೇ ಹೊಡೆದದ್ದು.
ಉಣ್ಣೆಯ ಟೋಪಿ, ಫುಟ್‌ಬಾಲ್ ಟೋಪಿ, ತೂತುಬಿದ್ದ ಹ್ಯಾಟು,
ಒಮ್ಮೆ ಒಬ್ಬನ ಮೋಟಾರ್‌ಸೈಕಲ್ ಹೆಲ್ಮೆಟ್ಟೂ
ಅಲ್ಲೇ ತೂಗಿವೆ, ಒಡೆಯರು ಒಳಗೆ
ಬೋಳುತಲೆ, ಬೆವರುತಲೆ ಹೊತ್ತು ಕೂತಿರುವಷ್ಟು ಹೊತ್ತು.
ನನ್ನ ಟೋಪಿ ಮಾತ್ರ ತಲೆಯಲ್ಲೇ. ಅದು ಸರ್ಕಾರದ್ದು.
ಜಪಸರ ಎಡಜೇಬಿನಲ್ಲಿ;
ಜೇಬಿನೊಳಗಿನ ದೇವರನ್ನು ಯಾವ ಬೋರ್ಡೂ ಕೇಳುವುದಿಲ್ಲ.

ಆ ಜುಲೈ ಬೆಳಿಗ್ಗೆ ಮಂಜು ಕಿಟಕಿಯ ಒಳಕ್ಕೂ ಬಂದಿತ್ತು.
ಕೇಸು ಇಷ್ಟೆ: ಮಟಾಟು ವ್ಯಾನುಗಳು ನಿಲ್ಲುವಲ್ಲಿ
ಮೂವತ್ತು ಶಿಲಿಂಗ್ ಚಿಲ್ಲರೆಗೆ ಮಾತಿಗೆ ಮಾತು ಬೆಳೆದು
ಕಂಡಕ್ಟರ್ ಕಿಮೆಮಿಯ, ಇಪ್ಪತ್ತೆರಡು ವರ್ಷ,
ಮುದುಕನ ರುಮಾಲಿಗೆ ಕೈಹಾಕಿ ಎಳೆದು
ಕೆಸರಿಗೆ ಎಸೆದ.

"ಫಿರ್ಯಾದಿ ಹಬಕ್ಕೂಕ ನ್ಡೆಗ್ವಾ!" ಎಂದು ಕೂಗಿದೆ.
ಬಂದ. ಅಕೊರಿನೊ ಮಂದಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ:
ಬೈಬಲು, ಡೋಲು, ಬಿಳಿ ರುಮಾಲು.
ನಾಲ್ಕು ಜನರ ಎದುರು ಅದನ್ನು ಬಿಚ್ಚುವವರಲ್ಲ.
ಅವನದು ಹೊಸತು. ಅಂಗಡಿಯ ಮಡಿಕೆಯ ಗೆರೆ ಇನ್ನೂ ಅಳಿಸಿರಲಿಲ್ಲ.
ನಾನು ಬಾಯಿ ತೆರೆದೆ. ಹತ್ತೊಂಬತ್ತು ವರ್ಷ ಹಳೆಯ ಬಾಯಿ
ತಾನೇ ಹೇಳಿತು: "ಅಜ್ಜಾ, ತಲೆಯದು ತೆಗೆ."

ಆಡಿದ ಮೇಲೆ ನನ್ನ ಕಿವಿಗೆ ಬಿತ್ತು.
ಕಟಕಟೆಯ ಹುಡುಗ ಕೂಡ ನೆಲ ನೋಡಿದ.

ಅಜ್ಜ ಸಿಟ್ಟಾಗಲಿಲ್ಲ. ಬಗ್ಗಿ
ಟೈರಿನ ಚಪ್ಪಲಿ ಬಿಟ್ಟು, ಜೋಡಿಸಿ,
ಎಂಟು ಮೊಳೆಗಳ ಕೆಳಗೆ ಗೋಡೆಗೆ ಒರಗಿಸಿದ.
"ದೊಡ್ಡವರ ಎದುರು ನಾವು ಬಿಡುವುದು ಇದನ್ನು," ಅಂದ.
ಆ ಸಿಮೆಂಟು ನೆಲ! ಬೂಟಿನೊಳಗೇ ನನ್ನ ಬೆರಳು ಮರಗಟ್ಟಿತ್ತು.
ಬರಿಗಾಲೂ ನಿಯಮಕ್ಕೆ ವಿರುದ್ಧವೇ. ಬೋರ್ಡಿನ ಐದನೆಯ ಸಾಲು.
ಆ ಸಾಲು ನನಗೆ ಅವತ್ತು ಕಾಣಲಿಲ್ಲ.

ಆರೋಪಿಯ ಕಡೆ ವಕೀಲ ಎದ್ದು, ನಿಯಮ ಎಲ್ಲರಿಗೂ ಒಂದೇ ಅಂದ.
ತಪ್ಪು ಮಾತಲ್ಲ; ನಾನೂ ಅದನ್ನೇ ಉಂಡು ಬದುಕಿದವನು.
ಮ್ಯಾಜಿಸ್ಟ್ರೇಟ್ ಬೊಸಿಬೊರಿ ಪೆನ್ನು ಕೆಳಗಿಟ್ಟು
ಚಾರ್ಜ್‌ಶೀಟನ್ನು ಅವನತ್ತ ತಿರುಗಿಸಿದರು:
"ಈ ಸಾಲು ಸ್ವಲ್ಪ ಗಟ್ಟಿಯಾಗಿ ಓದಿ."
ಓದಿದ: "ಸದರಿಯವರ ಇಚ್ಛೆಗೆ ವಿರುದ್ಧವಾಗಿ ರುಮಾಲು ತೆಗೆಸಿ..."
ಅಲ್ಲಿಗೇ ಕೂತ.
ಆಕೆ ಬರೆದರು, ಬರೆಯುತ್ತ ಬಾಯಲ್ಲೂ ಹೇಳಿದರು:
"ಸಾಕ್ಷಿಯ ಮುಖ ಕೋರ್ಟಿಗೆ ಕಾಣುತ್ತಿದೆ. ಮುಂದುವರಿಯಲಿ."

ಖಾಕಿ ಲಕೋಟೆ ಒಡೆದು
ಎಕ್ಸಿಬಿಟ್ ಒಂದನ್ನು ಮೇಜಿನ ಮೇಲಿಟ್ಟರು.
ಕೆಸರು ಒಣಗಿ ಬಟ್ಟೆ ಮೇಕೆಚರ್ಮದ ಹಾಗೆ ಸೆಟೆದಿತ್ತು.
"ಇದು ನಿನ್ನದೇ?"
ಅಜ್ಜ ಮುಟ್ಟಲಿಲ್ಲ. "ಆ ದಿನದವರೆಗೆ," ಅಂದ.
ಗುಮಾಸ್ತೆ ಅದನ್ನು "ಹೌದು" ಎಂದು ಬರೆದುಕೊಂಡಳು.

ಮಧ್ಯಾಹ್ನ ಕೋರ್ಟು ಎದ್ದಿತು. ತೀರ್ಪಿಗೆ ಇನ್ನೂ ಮೂರು ವಾರ.
ಎಕ್ಸಿಬಿಟ್ಟು ಮತ್ತೆ ಲಕೋಟೆ ಸೇರಬೇಕು, ಅರಗು ಕಾಯಿಸಿಟ್ಟಿದ್ದೆ.
ತುರುಕಿದೆ, ಹಿಡಿಸಲಿಲ್ಲ. ಸುತ್ತಿದೆ, ಉಬ್ಬಿತು.
ಚಪ್ಪಲಿ ಮೆಟ್ಟುತ್ತಿದ್ದ ಅಜ್ಜ ನೋಡಿದ,
ನೋಡಲಾರದೆ ವಾಪಸು ಬಂದ.
"ಆ ತುದಿ ಹಿಡಿ."
ಈಗ ಮುಟ್ಟಿದ. ಹಿಂದಕ್ಕೆ ಸರಿದ, ಸರಿದ,
ಬೆಂಚುಗಳ ನಡುವೆ, ಬಾಗಿಲವರೆಗೆ.
ಐದು ಗಜ ಇತ್ತೋ ಏನೋ. ನಟ್ಟನಡುವೆ
ಒಂದು ಬೂಟಿನ ಗುರುತು, ಹಿಮ್ಮಡಿ ಸಮೇತ.
ಅವನು ಮಡಿಸಿದ, ನಾನು ಮಡಿಸಿದೆ, ಹತ್ತಿರ ಬಂದೆವು.
ಬಗ್ಗಿದಾಗ ನನ್ನ ಟೋಪಿ ಜಾರಿ
ಮೇಜಿನಡಿಗೆ ಉರುಳಿತು.

"ಬಿತ್ತು," ಅಂದ ಅಜ್ಜ.
"ಇರಲಿ," ಅಂದೆ. "ಮೊದಲು ಇದು."