ಪರದೆ ತಿರುಗಿಸಿದ್ದು

ನಾಪೋಕ್ಲು ಪೇಟೆಯಲ್ಲಿ, ಮೆಣಸಿನ ಮಂಡಿಯ ಒಳಬದಿ,
ಕಿಟಕಿಗೆ ಬೆನ್ನು ಹಾಕಿದ ಮೇಜು ನನ್ನದು.
ಮೇಜಿನ ಮೇಲೆ ಎರಡು ಹಳೇ ಲೆಡ್ಜರು,
ಲೆಡ್ಜರಿನ ಮೇಲೆ ಮಾನಿಟರು.
ಕತ್ತು ನೋಯದ ಎತ್ತರಕ್ಕೆ ಬರಬೇಕಾದರೆ
ತೊಂಬತ್ತೆಂಟನೇ ಇಸವಿಯ ಬಾಕಿಗಳು ಬೇಕಾದವು.

ಪರದೆ ಒಂದೇ. ತಂತಿ ಮೂರು.
ಒಂದರಲ್ಲಿ ನನ್ನ ಲೆಕ್ಕ, ಜಿಎಸ್‌ಟಿ, ಬ್ಯಾಂಕು.
ಒಂದರಲ್ಲಿ ಅಂಗಳದ ಕ್ಯಾಮರಾ.
ಮೂರನೆಯದು ನೀಲಿ ಮೂತಿಯ ಹಳೇ ಕೇಬಲ್ಲು, ತಿರುಪು ಸಡಿಲ,
ತೂಕದ ಯಂತ್ರದ್ದು. ರಬ್ಬರ್ ಬ್ಯಾಂಡ್ ಸುತ್ತಿ
ನಿಲ್ಲಿಸಿದ್ದೇನೆ ಅದನ್ನ.

ಬದಲಿಸುವ ಗುಂಡಿ ಹಿಂದುಗಡೆ, ಬಲಮೂಲೆಯಲ್ಲಿ.
ಕಣ್ಣಿಗೆ ಕಾಣುವುದಿಲ್ಲ, ತೋರುಬೆರಳಿಗೆ ಗೊತ್ತು.
ಒಮ್ಮೆ ಒತ್ತಿದರೆ ಅಂಗಳ, ಇನ್ನೊಮ್ಮೆ ತೂಕ,
ಮತ್ತೂ ಒಮ್ಮೆ, ನಾನು ಬಿಟ್ಟಲ್ಲಿಗೇ.
ನಡುವೆ ಎರಡು ಸೆಕೆಂಡು ಕತ್ತಲು.
ಆ ಕತ್ತಲಲ್ಲಿ ಕನ್ನಡಕದ ಒಬ್ಬ ಹೆಂಗಸು
ಬೆನ್ನ ಹಿಂದೊಂದು ಕಿಟಕಿ ಹೊತ್ತುಕೊಂಡು
ಬಂದು ಹೋಗುತ್ತಾಳೆ. ಅವಳಿಗೆ ತಂತಿಯಿಲ್ಲ.

ಹೀಗೆ ಒಂಬತ್ತು ವರ್ಷ.
ಅಂಗಳ ನೋಡುವಾಗ ತೂಕ ಕಾಣದು,
ತೂಕ ಬರೆಯುವಾಗ ಅಂಗಳ ಕಾಣದು.
ಎರಡೂ ಕಡೆ ಎಲ್ಲ ಸರಿಯಾಗಿಯೇ ಉಂಟು.

ಮಾರ್ಚಿ. ಬಿಸಿಲು ಕಚ್ಚುವ ಹನ್ನೊಂದು ಗಂಟೆ.
ಕಾಫಿ ಹೂವಿನ ವಾಸನೆಗೆ ತಲೆನೋವು ಬರುತ್ತದೆ ನನಗೆ,
ಕೊಡಗಿನಲ್ಲಿ ಇದನ್ನು ಯಾರ ಹತ್ತಿರವೂ ಹೇಳುವಂತಿಲ್ಲ.
ಬೇತುವಿನಿಂದ ಜೀಪು ಮಾಡಿಕೊಂಡು ಬಂದಿದ್ದರು ಕುಂಞಾಮಿನ,
ಏಳು ಗೋಣಿ ಮೆಣಸು, ಬಾಯಿಗೆ ಹಸಿರು ದಾರದ ಹೊಲಿಗೆ.
ಕೌಂಟರಿನಲ್ಲಿ ಕೂರಿಸಿ ಚಹಾ ಕೊಟ್ಟಿದ್ದೆವು.
ಕರೆಂಟು ಹೋಯಿತು. ಬಂತು.
ತಡಕಾಡುವಾಗ ಏನನ್ನು ಒತ್ತಿದ್ದೆನೋ,
ಪರದೆ ನೆಟ್ಟಗೆ ಸೀಳಿ
ಎಡಕ್ಕೆ ತೂಕ, ಬಲಕ್ಕೆ ಅಂಗಳ.

ಎಡಕ್ಕೆ: ಐವತ್ತೆರಡು ಕಿಲೋ, ಮುನ್ನೂರು ಗ್ರಾಂ.
ಬಲಕ್ಕೆ: ಗೋಣಿ, ಗೋಣಿಯ ಹಿಂದೆ ರೈಟರ್ ದಾಮು,
ದಾಮುವಿನ ಬಲಗಾಲು,
ಕಾಲಿನ ಹೆಬ್ಬೆರಳು ತಟ್ಟೆಯ ಅಂಚಿನ ಅಡಿಗೆ.
ಎಷ್ಟು ಮೆತ್ತಗೆ!
ಎಳೆಗೂಸಿನ ಕತ್ತಿಗೆ ಕೈ ಕೊಟ್ಟ ಹಾಗೆ.
ಕೆಮ್ಮು ಬಂತು ಅವನಿಗೆ; ಬೆರಳು ಜಾರಿತು.
ಎಡಕ್ಕೆ: ಐವತ್ತಮೂರು, ಒಂಬೈನೂರು.
ಮತ್ತೆ ಐವತ್ತೆರಡು, ಮುನ್ನೂರು.
ಬರ್ಕೊಳ್ಳಿ ಅಕ್ಕಾ, ಎಂದು ಕೂಗಿದ.

ಬರೆದುಕೊಂಡಿದ್ದೇನೆ,
ಒಂಬತ್ತು ವರ್ಷ, ಚೆಂದದ ಅಕ್ಷರದಲ್ಲಿ.

ಬಾಯಿ ತೆರೆದಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು.
ಸಾಹುಕಾರರು ಮುಂದಿನ ಕೋಣೆಯಲ್ಲಿ ಫೋನಿನಲ್ಲಿದ್ದರು,
ಕೊಚ್ಚಿಯ ದರ ಕೇಳುತ್ತಾ.
ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು,
ಲೆಡ್ಜರು ಸಮೇತ,
ಕೌಂಟರಿನ ಕಡೆಗೆ ತಿರುಗಿಸಿದೆ.
ಅಷ್ಟೇ ಮಾಡಿದ್ದು.
ರಬ್ಬರ್ ಬ್ಯಾಂಡ್ ಹರಿಯಿತು. ನೀಲಿ ಮೂತಿ ಅಲುಗಿತು, ಕಳಚಲಿಲ್ಲ.

ಕುಂಞಾಮಿನ ನೋಡಿದರು. ಚಹಾ ಲೋಟ ಕೆಳಗಿಟ್ಟರು.
ಮಾತಿಲ್ಲ. ಎದ್ದು ಹೊರಗೆ ಹೋದರು.
ಓರೆಯಾಗಿ ಬಗ್ಗಿ ನೋಡುತ್ತಿದ್ದೆ:
ಬಲಕ್ಕೆ ಒಂದು ಬಿಳಿ ತಲೆವಸ್ತ್ರ ಬಂದು
ತಟ್ಟೆಯ ಪಕ್ಕ ನಿಂತಿತು.
ಎಡಕ್ಕೆ ಅಂಕಿ ತಾನಾಗಿ ಏರಿತು.
ಏಳೂ ಗೋಣಿ ಮೊದಲಿಂದ ತೂಗಿದರು.

ಸಂಜೆ ಸಾಹುಕಾರರು ಮೇಜಿನ ಪಕ್ಕ ಬಂದು
ತಂತಿಗಳನ್ನು ಒಂದೊಂದಾಗಿ ನೋಡಿದರು.
ಪಾಪ, ಒಂದೇ ಪರದೆಯಲ್ಲಿ ಮೂರು ಕೆಲಸ,
ಕಣ್ಣು ಹಾಳಾಗುತ್ತದೆ ಲಲಿತಾಕ್ಷಿ,
ಮಡಿಕೇರಿಯಿಂದ ಇನ್ನೆರಡು ತರಿಸೋಣ.
ತೂಕದ್ದು ಹೊರಗೆ ದಾಮುವಿನ ಹತ್ತಿರ ಇರಲಿ,
ಕ್ಯಾಮರಾದ್ದು ನನ್ನ ಕೋಣೆಗೆ, ಎಂದರು.

ಡಬ್ಬಗಳು ಇನ್ನೂ ಬಂದಿಲ್ಲ.
ಹೊಸ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.
ಪರದೆ ಸೀಳುವುದು ಹೇಗೆಂದು
ಮೊನ್ನೆ ಊಟದ ಬಿಡುವಿನಲ್ಲಿ ಹುಡುಕಿ ಇಟ್ಟುಕೊಂಡೆ:
ಗುಂಡಿಯನ್ನು ಒತ್ತಿ ಬಿಟ್ಟರೆ ಆಗದು,
ಐದು ಎಣಿಸುವವರೆಗೆ
ಒತ್ತಿ ಹಿಡಿಯಬೇಕು.